ಚುಕ್ಕಿಗಳನ್ನು ಕೇಳಲು ಬಂದ ಗಂಗೋತ್ರಿ

ಗಂಗೋತ್ರಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ನನ್ನ ಗಂಡನ ಫೋನಿನಲ್ಲಿ. ಅವರು ತೀರಿಕೊಂಡು ಆಗ ಎರಡು ವರ್ಷ ದಾಟಿತ್ತು. ಶ್ರಾವಣದ ಎರಡನೆಯ ಸೋಮವಾರ. ಕುರುಗೋಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಪೆನ್ಷನ್ ಕಚೇರಿಯವರು ಅದೇ ನಂಬರಿಗೆ ಮಾಡುತ್ತಾರೆಂದು ಅವರ ಫೋನನ್ನು ನಾನು ಬಂದ್ ಮಾಡಿಸಿರಲಿಲ್ಲ.

"ನಾನು ಗಂಗೋತ್ರಿ ಅಂತ್ರಿ, ಬಳ್ಳಾರಿಯಿಂದ. ಪಾಲಯ್ಯ ಸರ್ ಅದಾರೇನ್ರಿ?" ಹೆಣ್ಣುದನಿ. ಗುಡ್ಡ ಹತ್ತಿ ಬಂದವರ ಹಾಗೆ ಉಸಿರು.

"ಇಲ್ಲವಾ."

"ಎಷ್ಟೊತ್ತಿಗೆ ಬರ್ತಾರ್ರಿ?"

"ಬರೂದಿಲ್ಲ ತಂಗಿ. ಅವರು ಹೋಗಿ ಎರಡು ವರ್ಷಾತು."

ಫೋನ್ ಕಟ್ಟಾಯಿತೆಂದು ಕೆಳಗಿಡುವುದರಲ್ಲಿದ್ದೆ. "ಅಮ್ಮಾ, ನನ್ನದು ದೊಡ್ಡ ತಪ್ಪಾಗೈತ್ರಿ," ಎಂದಳು. "ಅವರಿಗೆ ಎರಡು ಸಲ ಬರದಿದ್ದೆ. ಉತ್ತರ ಬರಲಿಲ್ಲಂತ ಅವರ ಚುಕ್ಕಿದು ತೆಗೆದು ಹಾಕೀನಿ."

ಚುಕ್ಕಿ ಎಂದ ಕೂಡಲೆ ನನಗೆ ತಿಳಿಯಿತು.

ನನ್ನ ಗಂಡ ಕುರುಗೋಡಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಬಳ್ಳಾರಿಯಲ್ಲಿ ರವಿಕೆಗೆ, ಸೀರೆಗೆ ಜರಿ ಕೆಲಸ ಮಾಡುವವರಿಗೆ ಖಾಕಾ ಚುಚ್ಚಿಕೊಡುತ್ತಿದ್ದೆ. ಖಾಕಾ ಎಂದರೆ ಚುಚ್ಚಿದ ಕಾಗದ. ತೆಳು ಕಾಗದದ ಮೇಲೆ ಬಳ್ಳಿ, ಮಾವಿನಕಾಯಿ, ನವಿಲು ಬರೆದು, ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಬೇಕು. ಆ ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಒರೆಸಿದರೆ ತೂತಿನಿಂದ ಇಳಿದು ಬಟ್ಟೆಯ ಮೇಲೆ ಚಿತ್ರ ಮೂಡುತ್ತದೆ. ಮೂವತ್ತು ವರ್ಷ ಅದನ್ನೇ ಮಾಡಿದೆ. ನನ್ನ ಕಣ್ಣು ಮಂಜಾದಾಗ ಮಾಸ್ತರು ನಿವೃತ್ತಿಯಾಗಿದ್ದರು. ಹಳೆಯ ಕಂಪ್ಯೂಟರೊಂದನ್ನು ತಂದು ಎರಡು ವರ್ಷ ಅದರ ಮುಂದೆ ತಪಸ್ಸು ಕೂತರು. ಕೊನೆಗೆ ಒಂದು ದಿನ, ಬರೆದ ಗೆರೆಯನ್ನು ಚುಕ್ಕಿ ಮಾಡಿ ಕೊಡುವ ಒಂದು ಉಪಾಯವನ್ನು ಕಂಪ್ಯೂಟರಿಗೆ ಕಲಿಸಿದರು. ಕಾಗದದಲ್ಲಿ ಚುಕ್ಕಿ ಮೊದಲೇ ಬಿದ್ದಿದ್ದರೆ ಅದರ ಮೇಲೆ ಸೂಜಿ ಇಡುವುದಷ್ಟೇ ಕೆಲಸ. ಅದನ್ನು ಜಗತ್ತಿಗೆಲ್ಲ ಕೊಟ್ಟಿದ್ದೇನೆ ಎಂದಿದ್ದರು. ನಾನು ಹೂಂ ಎಂದು ರೊಟ್ಟಿ ಬಡಿಯಲು ಎದ್ದಿದ್ದೆ.

ಮುಂದಿನ ಭಾನುವಾರ ಬಳ್ಳಾರಿಯ ಬಸ್ಸಿಗೆ ಗಂಗೋತ್ರಿ ಬಂದಳು. ಮೂವತ್ತೈದರ ಆಸುಪಾಸು, ಬಿದಿರುಕಡ್ಡಿಯಂತಹ ಮೈ, ಹೆಗಲಿಗೆ ಕಂಪ್ಯೂಟರಿನ ಚೀಲ. ನಮ್ಮ ಮನೆಗೆ ಇರುವುದು ಐದೇ ಮೆಟ್ಟಿಲು. ಮೂರನೆಯದರ ಮೇಲೆ ನಿಂತು, ಗೋಡೆ ಹಿಡಿದು, ಸುಧಾರಿಸಿಕೊಂಡು ಉಳಿದೆರಡು ಹತ್ತಿದಳು. ಒಳಗೆ ಬಂದವಳು ಮಾತಾಡಲಿಲ್ಲ. ಮಾಸ್ತರ ಫೋಟೊ ಎದುರಿಗೆ ನೆಲದ ಮೇಲೆ ಕೂತಳು. ನೀರು ಕೊಟ್ಟರೆ ಮುಟ್ಟಲಿಲ್ಲ. ಸಾವಿನ ಮನೆಗೆ ಮಾತಾಡಿಸಲು ಬಂದವರು ಕೂರುವ ಹಾಗೆ ಕೂತಿದ್ದಳು. ಎರಡು ವರ್ಷ ತಡವಾಗಿ ಬಂದರೂ ರೀತಿ ಬಿಡಲಿಲ್ಲ. ಅದು ನನಗೆ ಹಿಡಿಸಿತು.

ಆದರೆ ಕಂಪ್ಯೂಟರ್ ತೆರೆದು ತೋರಿಸಿದಾಗ ಸಿಟ್ಟು ನೆತ್ತಿಗೇರಿತು. ನನ್ನ ಗಂಡನ ಕೆಲಸ ಇದ್ದ ಜಾಗದಲ್ಲಿ ಒಂದು ಸಾಲು ಇಂಗ್ಲಿಷು. ಏನಿದು ಎಂದೆ. ತಲೆ ತಗ್ಗಿಸಿ ಹೇಳಿದಳು: "ಮಾಡಿದವರು ಇದನ್ನ ಕೈಬಿಟ್ಟಾರ ಅಂತ ಐತ್ರಿ."

"ಯಾರು ಬರದವರು?"

"ನಾನ ರೀ."

"ಸತ್ತಾರವ್ವ ಅವರು! ಕೈಬಿಟ್ಟಿಲ್ಲ. ಸಾಯೂ ಮೂರು ದಿನ ಮುಂಚೆ ಆಸ್ಪತ್ರಿ ಮಂಚದ ಮ್ಯಾಲೆ ಕುಂತು ಅದನ್ನ ತಿದ್ದತಿದ್ರು. ಉಸಿರಿಗೆ ನಳಿಗಿ ಹಾಕಿದ್ರು, ಆದ್ರೂ ಬಿಟ್ಟಿದ್ದಿಲ್ಲ."

"ತಿಳೀಲಿಲ್ಲ ರೀ."

"ಕೇಳಿದ್ರ ತಿಳೀತಿತ್ತು. ಬಳ್ಳಾರಿಯಿಂದ ಒಂದು ತಾಸಿನ ದಾರಿ!"

ಅವಳು ಅಳಲಿಲ್ಲ, ನೆಪ ಹೇಳಲಿಲ್ಲ. ನಿಧಾನಕ್ಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಚಿತ್ರ ಬರೆಯುವ ತಂತ್ರಾಂಶವೊಂದಿದೆ, ದುಡ್ಡಿಲ್ಲದೆ ಯಾರು ಬೇಕಾದರೂ ಬಳಸಬಹುದು, ಒಳಗಿನ ಲೆಕ್ಕಾಚಾರ ಬಿಚ್ಚಿ ನೋಡಿ ತಿದ್ದಬಹುದು. ಹೊಲಿಗೆ ಮಷೀನಿಗೆ ಸೀರೆಯಂಚಿನ ಪಿಕೊಗೆ ಒಂದು ಕಾಲು, ಜಿಪ್ಪಿಗೆ ಒಂದು ಕಾಲು ಬೇರೆ ಬೇರೆ ಸಿಗಿಸುತ್ತೇವಲ್ಲ, ಹಾಗೆ ಅದಕ್ಕೆ ಸಿಗಿಸುವ ಸಣ್ಣ ಸಣ್ಣ ಪ್ಲಗಿನ್‌ಗಳು. ಮಾಡಿದವರು ಅವನ್ನು ಅಂತರ್ಜಾಲದ ಒಂದು ಉಗ್ರಾಣದಲ್ಲಿ ಇಡುತ್ತಾರೆ, ಬೇಕಾದವರು ಒಯ್ಯುತ್ತಾರೆ. ಆ ಉಗ್ರಾಣ ನೋಡಿಕೊಳ್ಳುವವರು ಐದು ಜನ, ಐದು ದೇಶದವರು, ಯಾರಿಗೂ ಸಂಬಳವಿಲ್ಲ. ಗಂಗೋತ್ರಿ ಅವರಲ್ಲೊಬ್ಬಳು. ಅವಳು ಸೇರಿದಾಗ ಅಲ್ಲಿ ಒಂಬೈನೂರಕ್ಕೂ ಹೆಚ್ಚು ಪ್ಲಗಿನ್‌ಗಳಿದ್ದವಂತೆ. ಅರ್ಧಕ್ಕರ್ಧ ಮುರಿದವು. ಯಾವುದು ಏನು ಮಾಡುತ್ತದೆಂದು ಬರೆದಿರಲಿಲ್ಲ. ಇವಳು ಒಂದೊಂದನ್ನೇ ತೆಗೆದು, ಹಾಕಿ ನೋಡಿ, ಏನು ಮಾಡುತ್ತದೆಂದು ಸರಳವಾಗಿ ಬರೆದು, ಚಿತ್ರ ಅಂಟಿಸಿ, ಸಾಲಾಗಿ ಜೋಡಿಸಿದಳು. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಹಳೆಯವು ಕೈಕೊಡುತ್ತವೆ. ಅದಕ್ಕೊಂದು ಕಟ್ಟಳೆ ಇರಲಿ ಎಂದು ಅವಳೇ ಬರೆದಳು: ಮಾಡಿದವರಿಗೆ ಎರಡು ಸಲ ಇಮೇಲ್ ಪತ್ರ ಹಾಕುವುದು, ತೊಂಬತ್ತು ದಿನದಲ್ಲಿ ಉತ್ತರ ಬರದಿದ್ದರೆ ತೆಗೆಯುವುದು. ಹಾಗೆ ನೂರಾ ನಲವತ್ತಮೂರು ಹೋದವು. ಅದರಲ್ಲಿ ಒಂದು ಪಾಲಯ್ಯನವರದು.

ತಪ್ಪು ಗೊತ್ತಾದದ್ದು ಬಳ್ಳಾರಿಯ ಅನುಷಾಳಿಂದ. ಅನುಷಾ ಕೌಲ್‌ಬಜಾರಿನಲ್ಲಿ ಆರು ಹೆಂಗಸರನ್ನಿಟ್ಟುಕೊಂಡು ಜರಿ ಕೆಲಸ ಮಾಡಿಸುವ ಹುಡುಗಿ. ಉಗ್ರಾಣದಲ್ಲಿ ಮಾಸ್ತರ ಚುಕ್ಕಿ ಸಿಗದೆ ಯಾರದೋ ಪೆನ್‌ಡ್ರೈವಿನಿಂದ ಹಳೆಯ ನಕಲು ತಂದು ಹಾಕಿಕೊಂಡಳು. ಹೊಸ ಆವೃತ್ತಿಯಲ್ಲಿ ಅದು ಬಲಗಡೆಯ ಅರ್ಧವನ್ನು ಬೆರಳಗಲ ಸರಿಸಿಬಿಟ್ಟಿತು. ಚುಚ್ಚುವಾಗ ಯಾರೂ ನೋಡಲಿಲ್ಲ. ಮದುಮಗಳ ರೇಷ್ಮೆ ರವಿಕೆಯ ಬೆನ್ನಿಗೆ ಜರಿ ಹಾಕಿ ಮುಗಿದ ಮೇಲೆ ನವಿಲಿಗೆ ಕುತ್ತಿಗೆ ಒಂದು ಕಡೆ, ಮೈ ಒಂದು ಕಡೆ. ಅನುಷಾ ಉಗ್ರಾಣಕ್ಕೆ ಕನ್ನಡದಲ್ಲೇ ಬೈದು ಬರೆದಳಂತೆ: "ಇದ್ದದ್ದು ತಗದವರ ಕೈ ಸೇದಿ ಸೆಟೆದು ಹೋಗಲಿ." ಐವರಲ್ಲಿ ಓದಲು ಬಂದದ್ದು ಒಬ್ಬಳಿಗೇ. ಆಮೇಲೆ ಗಂಗೋತ್ರಿ ಮಾಸ್ತರ ಕಡತವನ್ನು ಬಿಚ್ಚಿ ನೋಡಿದ್ದಾಳೆ. ಮೊದಲ ಸಾಲಿನಲ್ಲೇ ಹೆಸರು, ಊರು, ಫೋನ್ ನಂಬರು.

"ಒಂಬೈನೂರು ಬಿಚ್ಚಿ ನೋಡೀನ್ರಿ," ಎಂದಳು. "ತೆಗೆಯೂ ಹೊತ್ತಿಗೆ ಪಟ್ಟಿ ಅಷ್ಟ ನೋಡಿದೆ. ದಣಿವಾಗಿತ್ತು."

"ಈಗ ಏನ್ ಆಗಬೇಕು ನಿನಗ?"

"ಅದನ್ನ ನಾ ತಿದ್ದಿ ಮತ್ತ ಇಡತೀನ್ರಿ. ಮಾರ್ಚಿನಾಗ ಇನ್ನೊಂದು ಹೊಸ ಆವೃತ್ತಿ ಬರತೈತಿ, ಅದರೊಳಗ ಆಗಬೇಕು. ಇಲ್ಲಾಂದ್ರ ತೆಗೆದವು ಪೂರ್ತಿ ಅಳಿಸಿ ಹೋಗತಾವ. ಮಾಸ್ತರು ಎಲ್ಲರಿಗೂ ಬಿಟ್ಟುಕೊಟ್ಟಾರ, ಕಾಯ್ದೆ ಪ್ರಕಾರ ಯಾರನ್ನೂ ಕೇಳೂದು ಬೇಕಿಲ್ಲ. ಆದ್ರೂ ನಿಮ್ಮನ್ನ ಕೇಳಾಕ ಬಂದೀನಿ."

"ಬ್ಯಾಡ," ಎಂದೆ. "ಅವರದು ಅವರ ಹೆಸರಿಲೆ ಹೋತು. ಮ್ಯಾಲೆ ನಿನ್ನ ಹೆಸರು ಕುಂದ್ರಸಾಕ ನಾ ಹೂಂ ಅನ್ನಂಗಿಲ್ಲ."

ಅವಳು ಎದ್ದಳು. ಬರುತ್ತೇನೆ ಎನ್ನಲಿಲ್ಲ. ಸಾವಿನ ಮನೆಯಿಂದ ಏಳುವವರು ಹಾಗೆ ಹೇಳುವುದಿಲ್ಲ.

ಆದರೆ ಬಂದಳು. ಹದಿನೈದು ದಿನ ಬಿಟ್ಟು ಮತ್ತೆ ಭಾನುವಾರ, ಈ ಸಲ ತಾಯಿ ಅಕ್ಕನಾಗಮ್ಮನ ಜೊತೆಗೆ. ಅಕ್ಕನಾಗಮ್ಮ ಸಿರುಗುಪ್ಪದವಳು, ಈಗ ಬಳ್ಳಾರಿಯಲ್ಲಿ ಮಗಳ ಜೊತೆಗಿದ್ದವಳು, ನನ್ನದೇ ಓರಗೆ, ನನ್ನ ಹಾಗೆಯೇ ಗಂಡನಿಲ್ಲದವಳು. ಅಕ್ಕಿ ಗಿರಣಿಯಲ್ಲಿ ನುಚ್ಚು ಹಸನು ಮಾಡಿ ಮಗಳನ್ನು ಓದಿಸಿದ್ದಳು. ಬಾಗಿಲಲ್ಲೇ ಶುರು ಮಾಡಿದಳು: "ನೋಡವ್ವ ವಿರೂಪಮ್ಮ, ಇಕಿ ಹದಿನೈದು ದಿನ ಸರಿಯಾಗಿ ಉಂಡಿಲ್ಲ. ಕಂಡಿಲ್ಲದ ದೇಶದ ಉಗ್ರಾಣದ ಕಸಾ ಹೊಡಿತಾಳ, ನಮ್ಮ ಮನಿ ಜೇಡರಬಲಿ ಹಂಗ ಐತಿ."

"ಯವ್ವಾ, ಜೇಡರ ಬಲಿ ನಿನ್ನ ಕೈಗೂ ಸಿಗತೈತಿ," ಎಂದಳು ಗಂಗೋತ್ರಿ.

"ನನಗ ಕಣ್ಣು ಕಾಣಂಗಿಲ್ಲ."

"ಧಾರಾವಾಹಿ ಕಾಣತೈತಿ."

ನಾನು ನಕ್ಕೆ. ನಕ್ಕ ಮೇಲೆ ಮನೆಯಿಂದ ಕಳಿಸುವುದು ಕಷ್ಟ.

ಅಡುಗೆಮನೆಯಲ್ಲಿ ಅಕ್ಕನಾಗಮ್ಮ ಮಗಳ ಕಥೆ ಹೇಳಿದಳು. ಎಂಟು ವರ್ಷದವಳಿದ್ದಾಗ ಗಂಟಲುನೋವು, ಜ್ವರ, ಕೀಲುಬಾವು. ಜ್ವರ ಬಿಟ್ಟಿತು, ಆದರೆ ಹೃದಯದ ಕವಾಟಕ್ಕೆ ಪೆಟ್ಟಾಗಿತ್ತು. ಇಪ್ಪತ್ತಕ್ಕೆ ಒಂದು ಆಪರೇಷನ್. ಇನ್ನೊಂದು ಮಾಡಬೇಕೆಂದವರು ಈಗ ಮೈ ತಡೆಯುವುದಿಲ್ಲ ಎನ್ನುತ್ತಿದ್ದಾರೆ. ಮದುವೆಯ ಮಾತು ಎರಡು ಬಂದಿದ್ದವು, ವಿಷಯ ಮುಚ್ಚಿಡಲು ಇವಳು ಒಪ್ಪದೆ ಎರಡೂ ತಿರುಗಿ ಹೋದವು. ಬಳ್ಳಾರಿಯಲ್ಲಿ ಡಿಪ್ಲೊಮಾ ಮುಗಿಸಿ, ಮೊದಲು ಫ್ಲೆಕ್ಸ್ ಅಂಗಡಿ, ಆಮೇಲೆ ಜೀನ್ಸಿನ ಮೇಲೆ ಕಸೂತಿ ಹಾಕುವ ಮಷೀನಿಗೆ ಚಿತ್ರ ಬರೆಯುವ ಕೆಲಸ. ಮೊದಮೊದಲು ಯಾವುದೋ ಗೆರೆ ಕೂಡದೆ ಅಳುತ್ತಾ ಆ ಉಗ್ರಾಣದ ಜಾಲತಾಣದಲ್ಲಿ ಕೇಳಿದ್ದಳಂತೆ. ಯಾವುದೋ ದೇಶದ, ಹೆಸರು ಹೇಳದ ಒಬ್ಬ ಮುದುಕ ಒಂದೇ ದಿನದಲ್ಲಿ ಇವಳಿಗಾಗಿ ಒಂದು ಪ್ಲಗಿನ್ ಬರೆದುಕೊಟ್ಟ. ಅಂದಿನಿಂದ ಇವಳು ಆ ಉಗ್ರಾಣ ಬಿಟ್ಟವಳಲ್ಲ.

ಪಡಸಾಲೆಗೆ ಬಂದಾಗ ಗಂಗೋತ್ರಿ ಕಂಪ್ಯೂಟರ್ ಬಿಚ್ಚಿ ಕೂತಿದ್ದಳು. "ಅಮ್ಮಾ, ನೀವು ಹೂಂ ಅನ್ರಿ, ಬ್ಯಾಡ ಅನ್ರಿ. ಮಾಸ್ತರು ಒಳಗ ಬರದದ್ದೊಂದು ಓದಿ ಹೇಳತೀನಿ. ಅದು ನಿಮಗ ಸೇರಬೇಕಾದದ್ದು."

ಲೆಕ್ಕಾಚಾರದ ನಡುನಡುವೆ ಮಾಡಿದವರು ತಮ್ಮ ನೆನಪಿಗೆಂದು ಸಾಲು ಬರೆದಿಟ್ಟುಕೊಳ್ಳುತ್ತಾರಂತೆ, ಕಂಪ್ಯೂಟರ್ ಅದನ್ನು ಓದುವುದಿಲ್ಲ. ಅವಳು ಓದಿದಳು: "ನೆಟ್ಟನೆಯ ಗೆರೆಯಲ್ಲಿ ಚುಕ್ಕಿ ದೂರ, ಬಳುಕಿನಲ್ಲಿ ಹತ್ತಿರ. ಈ ಅಂತರ ಪುಸ್ತಕದ್ದಲ್ಲ. ವಿರೂಪಮ್ಮ ಚುಚ್ಚಿದ ನಲವತ್ತು ಖಾಕಾ ಅಳೆದು ತೆಗೆದದ್ದು."

ಎಷ್ಟೋ ದಿನ ಅವರು ಭೂತಗನ್ನಡಿ, ಅಳತೆಪಟ್ಟಿ ಹಿಡಿದು ನನ್ನ ಹಳೆಯ ಕಾಗದಗಳ ಮೇಲೆ ಬಗ್ಗಿರುತ್ತಿದ್ದರು. ಏನು ಮಾಡುತ್ತೀರಿ ಎಂದರೆ ನಿನ್ನ ತಪ್ಪು ಹುಡುಕುತ್ತಿದ್ದೇನೆ ಎನ್ನುತ್ತಿದ್ದರು. ನಾನು ಖರೆಯೆಂದೇ ತಿಳಿದು ಮುನಿಸಿಕೊಂಡದ್ದೂ ಉಂಟು. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದೆ: "ತಿದ್ದಿದ್ದು ತಂದೀಯೇನು?"

ಅಚ್ಚು ಹಾಕಿದ ಒಂದು ಮಾವಿನಕಾಯಿ ತಂದಿದ್ದಳು. ಕಂಬಳಿ ಮಡಚಿ ಹಾಸಿ, ಸೂಜಿ ತೆಗೆದು, ಚುಕ್ಕಿಯ ಮೇಲೆ ಚುಚ್ಚಿ ಮುಗಿಸಿದೆ. ಬಟ್ಟೆಯ ಮೇಲೆ ಪುಡಿ ಒರೆಸಿದೆ. ಮೈಯೆಲ್ಲ ಚೆನ್ನಾಗಿ ಮೂಡಿತು. ತುದಿ ಬಾಗುವ ಕಡೆ ಮಾತ್ರ ತೂತುಗಳು ಒಂದಕ್ಕೊಂದು ಹರಿದುಕೊಂಡು ಪುಡಿ ಗುಪ್ಪೆಯಾಯಿತು.

"ಬಳುಕಿನಾಗ ಹತ್ತರ ಅಂದ್ರ ಇಷ್ಟು ಹತ್ತರಲ್ಲ," ಎಂದೆ. "ಮೊನಿಗೆ ಬಂದಾಗ ಒಂದು ಚುಕ್ಕಿ ಬಿಡಬೇಕು. ಬಿಟ್ಟು ದಾಟಬೇಕು."

"ಎಷ್ಟು ಬಿಡಬೇಕ್ರಿ?"

"ಎಷ್ಟು ಅಂತ ಏನ್ ಹೇಳಲಿ? ಕೈಗೆ ತಿಳೀತೈತಿ."

"ಕಂಪ್ಯೂಟರಿಗೆ ಕೈ ಇಲ್ರಿ ಅಮ್ಮಾ."

ಹಾಗೆ ಶುರುವಾಯಿತು. ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಹದಿನೈದು ದಿನಕ್ಕೊಮ್ಮೆ ಬರುವಳು, ಬರಲಾಗದಿದ್ದರೆ ಅಚ್ಚು ಹಾಕಿದ್ದನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುವಳು. ನಾನು ಚುಚ್ಚುವುದು, ಬೈಯುವುದು. ಅವಳು ತಿದ್ದುವುದು. ಹನ್ನೊಂದನೆಯ ಮಾವಿನಕಾಯಿಯ ಮೊನೆ ಸೂಜಿಯ ಹಾಗೆ ಬಿತ್ತು. ನಾನು ಬೈಯದೆ ಸೂಜಿಯ ಡಬ್ಬಿ ಮುಚ್ಚಿದೆ. ಅದರಿಂದಲೇ ಅವಳಿಗೆ ತಿಳಿಯಿತು.

ಹೆಸರಿನ ಮಾತು ಹಾಗೇ ಉಳಿದಿತ್ತು. ಒಂದು ದಿನ ಅವಳು ಕೇಳಿದಳು: ಇನ್ನೂ ನೂರಾ ನಲವತ್ತೆರಡು ಇವೆ, ಅವುಗಳಲ್ಲಿ ಎಷ್ಟು ಜನ ಸತ್ತಿದ್ದಾರೋ, ಅವನ್ನೆಲ್ಲ ಹೇಗೆ ಎತ್ತಿ ನಿಲ್ಲಿಸುವುದು? ಹಾಗೇ ಇಟ್ಟರೆ ಅನುಷಾಳ ನವಿಲಿನ ಗತಿ. ಹಳೆಯ ಪ್ಲಗಿನ್‌ನ ಸಂದಿಯಿಂದ ಕಳ್ಳರು ನುಗ್ಗುವುದೂ ಉಂಟಂತೆ. ತೆಗೆಯಲೇಬೇಕು ಎಂದು ಉಳಿದ ನಾಲ್ವರು ಹಟ ಹಿಡಿದಿದ್ದರು. "ಅವರದೂ ಖರೆ ಐತ್ರಿ," ಎಂದಳು.

ನನಗೆ ಗೊತ್ತಿದ್ದದ್ದು ಒಂದೇ ದಾರಿ. ಬಾದನಹಟ್ಟಿಯಲ್ಲಿ ಮಾಸ್ತರ ಹೆಸರಿಗೆ ಮೂರೆಕರೆ ಇತ್ತು. ಅವರು ಹೋದ ಮೇಲೆ ಪೌತಿ ಖಾತೆ ಮಾಡಿಸಿ ಹೊಲವನ್ನು ನನ್ನ ಹೆಸರಿಗೆ ತರಲು ನಾನೇ ಓಡಾಡಿದ್ದೆ. ಅದನ್ನೇ ಹೇಳಿದೆ. "ಪೌತಿ ಮಾಡಸ್ರಿ. ಮೊದಲು ಸತ್ತದ್ದು ಖರೆಯೇನು ಅಂತ ನೋಡಬೇಕು. ವಾರಸದಾರರು ಯಾರು ಅಂತ ವಂಶವೃಕ್ಷ ಬರಸಬೇಕು. ತಕರಾರು ಇದ್ರ ಹೇಳ್ರಿ ಅಂತ ನೋಟೀಸ್ ಹಚ್ಚಿ ಮೂವತ್ತು ದಿನ ಕಾಯಬೇಕು. ಆಮ್ಯಾಲೆ ಹೆಸರು ಏರಸೋದು. ಹೊಸ ಹೆಸರು ಬಂದ್ರೂ ಯಾರಿಂದ ಬಂತು ಅನ್ನೂದು ಮುಟೇಷನ್ ದಾಖಲಿಯೊಳಗ ಇರತೈತಿ, ಅದನ್ನ ಅಳಸಂಗಿಲ್ಲ."

ಅವಳು ಕಣ್ಣು ಮಿಟುಕಿಸದೆ ಕೇಳಿದಳು. ಒಂದೊಂದನ್ನೂ ಬರೆದುಕೊಂಡಳು.

ಆ ಐವರಲ್ಲಿ ಇದು ಎರಡು ತಿಂಗಳು ವಾದವಾಯಿತು. ಕೊನೆಗೆ ಒಪ್ಪಿದರು, ಪೂರ್ತಿ ಅಲ್ಲ. ಮುರಿದದ್ದನ್ನು ಬಳಸುವವರ ಕಣ್ಣಿನಿಂದ ಕೂಡಲೆ ಮರೆ ಮಾಡುವುದು, ಆದರೆ ಅಳಿಸದೆ ಒಂದು ವರ್ಷ ಬೇರೆ ಇಡುವುದು. ಕಡತ ಬಿಚ್ಚಿ ವಿಳಾಸ, ಫೋನು, ಊರು ಹುಡುಕುವುದು. ಮನೆಯವರನ್ನು ಕೇಳುವುದು. ಮೊದಲು ಮಾಡಿದವರ ಹೆಸರು ಮೇಲೆ, ಈಗ ನೋಡಿಕೊಳ್ಳುವವರದು ಕೆಳಗೆ. ಮೂವತ್ತು ದಿನ ತಕರಾರಿಗೆ ಬಿಡುವುದು. ಕೈಬಿಟ್ಟಿದ್ದಾರೆ ಎಂಬ ಮಾತನ್ನು ಆ ಉಗ್ರಾಣದಿಂದಲೇ ಕಿತ್ತುಹಾಕಿ, "ಈಗ ನೋಡಿಕೊಳ್ಳುವವರಿಲ್ಲ" ಎಂದು ಬರೆದರು.

ಸತ್ತವರ ಮನೆಗೆ ಹಾಕುವ ಪತ್ರವನ್ನು ಗಂಗೋತ್ರಿ ನನ್ನಿಂದಲೇ ಹೇಳಿಸಿದಳು. "ನಿಮ್ಮನ್ನ ಹ್ಯಾಂಗ ಕೇಳಿದ್ರ ನಿಮಗ ಬ್ಯಾಸರ ಆಗತಿದ್ದಿಲ್ಲ, ಹಂಗ ಹೇಳ್ರಿ." ನಾನು ಹೇಳಿದೆ: ಬಂದ ಕೂಡಲೆ ಕೆಲಸದ ಮಾತು ತೆಗೆಯಬಾರದು. ನಿಮ್ಮವರು ಹೋದದ್ದು ಈಗ ತಿಳಿಯಿತು ಎನ್ನಿ. ಅವರು ಮಾಡಿದ್ದು ಯಾರ ಯಾರ ಕೈಯಲ್ಲಿ ನಡೆಯುತ್ತಿದೆ, ಅದನ್ನು ಹೇಳಿ. ಕೇಳುವುದು ಕೊನೆಗೆ. ಬೇಡವೆಂದರೂ ತಪ್ಪಿಲ್ಲವೆಂದು ಬರೆಯಿರಿ. ಅವಳು ಅದನ್ನು ಇಂಗ್ಲಿಷಿಗೆ ಮಾಡಿ ಕಳಿಸಿದಳು. ನೂರಾ ನಲವತ್ತೆರಡರಲ್ಲಿ ಮೂವತ್ತೊಂದು ಮನೆಗಳ ಪತ್ತೆ ಹತ್ತಿತು. ಒಂಬತ್ತು ಜನ ತೀರಿಕೊಂಡಿದ್ದರು. ಒಂದು ಪ್ಲಗಿನ್‌ನ ಯಜಮಾನನ ಮಗಳು ಮೂರು ಪುಟ ಬರೆದಿದ್ದಳು, ಅಪ್ಪ ಇಂಥದ್ದು ಮಾಡುತ್ತಿದ್ದದ್ದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಗಂಗೋತ್ರಿ ಅದನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು, ಅಕ್ಕನಾಗಮ್ಮನೂ ನಾನೂ ನಮ್ಮ ಮನೆಯದೇ ಸುದ್ದಿಯೆಂಬಂತೆ ಕೇಳಿದೆವು.

ಮಾರ್ಚಿನ ಆವೃತ್ತಿಗೆ ಹನ್ನೆರಡು ದಿನ ಮುಂಚೆ ಮಾಸ್ತರ ಚುಕ್ಕಿ ಮತ್ತೆ ಉಗ್ರಾಣಕ್ಕೆ ಬಂತು. ಮೇಲೆ ಪಾಲಯ್ಯ, ಕುರುಗೋಡು. ಕೆಳಗೆ ಗಂಗೋತ್ರಿ, ಸಿರುಗುಪ್ಪ. ಹೀಗಾದರೆ ಸರಿ ಎಂದು ನಾನು ಮೊದಲೇ ಒಪ್ಪಿದ್ದೆ. ಮೊದಲು ಒಯ್ದವಳು ಅನುಷಾ. ಅವಳು ಬೈದದ್ದಕ್ಕೆ ಗಂಗೋತ್ರಿಯ ಎದುರು ಬಂದು ಕೆನ್ನೆ ಕೆನ್ನೆ ಬಡಿದುಕೊಂಡಳಂತೆ. "ಕೈ ಸೇದಲಿ ಅಂದಿದ್ದಿ, ಎದಿ ಸೇದೈತಿ ನೋಡು," ಎಂದು ನಗಿಸಲು ಹೋಗಿ ಇವಳೇ ಅವಳನ್ನು ಅಳಿಸಿಬಿಟ್ಟಳು.

ಬೇಸಿಗೆಯಲ್ಲಿ ಗಂಗೋತ್ರಿಯ ಕಾಲು ಬಾತವು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ಬಳ್ಳಾರಿಯ ಆಸ್ಪತ್ರೆಯಲ್ಲಿ ಎರಡು ಸಲ ಇಟ್ಟುಕೊಂಡು, ಮೂರನೆಯ ಸಲ ಮನೆಗೆ ಕರೆದೊಯ್ಯಿರಿ ಎಂದರು. ಕೆಲಸ ಬಿಟ್ಟು ತಾಯಿಯ ಜೊತೆ ಸಿರುಗುಪ್ಪದ ಮನೆಗೆ ಹೋದಳು. ಜೂನಿನಲ್ಲಿ ಅಕ್ಕನಾಗಮ್ಮ ಫೋನ್ ಮಾಡಿ, ನಿನ್ನ ಹೆಸರು ಹೇಳುತ್ತಿದ್ದಾಳೆ, ಬಾ ಎಂದಳು. ಬೆಳಗಿನ ಬಸ್ಸಿಗೆ ಹೋದೆ.

ಗೋಡೆಗೆ ಮೂರು ತಲೆದಿಂಬು ಒರಗಿಸಿ ಕೂರಿಸಿದ್ದರು. ತುಟಿ ನೇರಳೆಬಣ್ಣಕ್ಕೆ ತಿರುಗಿತ್ತು. ಕಂಪ್ಯೂಟರ್ ಮುಚ್ಚಿ ಕಾಲ ಹತ್ತಿರ ಇತ್ತು. ನಾನು ಹೋದ ಕೂಡಲೆ, "ಊಟ ಆತೇನ್ರಿ?" ಎಂದಳು. ಒಂದು ಮಾತಿಗೂ ಮುಂದಿನದಕ್ಕೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ನಾನು ಅವಳ ಪಾದ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಾ ಕೂತೆ.

"ಅಮ್ಮಾ, ನಾ ಮಾಡಿದ ಪ್ಲಗಿನ್ ಆರು ಅದಾವ ಉಗ್ರಾಣದಾಗ," ಎಂದಳು. "ಮಾಸ್ತರದು ಹಿಡಿದರ ಏಳು."

"ಇರ್ಲಿ ಬಿಡು. ಯಾರಾರ ನೋಡಿಕೊಳ್ಳತಾರ."

"ಅದ ಹೇಳಾಕ ಹತ್ತೀನ್ರಿ. ಅನುಷಾಗ ಹೇಳೀನಿ, ಹೊಸ ಆವೃತ್ತಿ ಬಂದಾಗೆಲ್ಲ ಅಚ್ಚು ತೆಗೆದು ನಿಮಗ ತಂದು ಕೊಡತಾಳ. ನೀವು ಚುಚ್ಚಿ ನೋಡಬೇಕು. ಸರಿ ಬಿದ್ದರ ಇರ್ಲಿ. ಕೆಟ್ಟರ ತಿದ್ದವರನ್ನ ಹುಡುಕ್ರಿ. ಒಂದು ವರ್ಷ ನೋಡ್ರಿ. ಯಾರೂ ಸಿಗಲಿಲ್ಲಂದ್ರ..." ಉಸಿರಿಗೆ ನಿಂತಳು. ಅಕ್ಕನಾಗಮ್ಮ ಬೆನ್ನು ನೀವಿದಳು.

"ಸಿಗತಾರ," ಎಂದೆ.

"ಸಿಗಲಿಲ್ಲಂದ್ರ ತೆಗೀರಿ ಅಂತ ನೀವ ಹೇಳಬೇಕು. ಉಳಿದವರು ಹೇಳಂಗಿಲ್ಲ, ಈಗ ನನ್ನ ಮಾರಿ ನೋಡಿ ಅಂಜತಾರ. ಸತ್ತಾಕಿ ಮಾಡಿದ್ದು ಅಂತ ಇಟ್ಟುಕೊಂತಾರ. ಯಾವಾಕಿದೋ ಸೀರಿ ಕೆಡತೈತಿ."

ಶ್ರಾವಣದಿಂದ ಅವಳು ಬಸ್ಸಿನಲ್ಲಿ ಏದುತ್ತಾ ಬಂದು ಎತ್ತಿ ನಿಲ್ಲಿಸಿದ್ದನ್ನು ನನ್ನ ಬಾಯಿಂದಲೇ ಇಳಿಸಲು ಹೇಳುತ್ತಿದ್ದಳು.

"ಮಾಸ್ತರದೂ ಅಷ್ಟ ಏನು?" ಎಂದು ಕೇಳಿದೆ.

"ಮಾಸ್ತರದೂ ಅಷ್ಟ ರೀ."

ಅವಳ ಪಾದ ತಣ್ಣಗಿತ್ತು. ಹೊರಗೆ ಯಾರೋ ಅಕ್ಕನಾಗಮ್ಮನನ್ನು ಕೂಗಿದರು, ಅವಳು ಏಳಲಿಲ್ಲ.

"ಹೂಂ ಅನ್ರಿ ಅಮ್ಮಾ," ಎಂದಳು ಗಂಗೋತ್ರಿ.